ಇವರ ಕಿಟಕಿ

ಕಿಟಕಿ ಅಂದಮೇಲೆ ತೆರೆಯಬೇಕು, ಇಲ್ಲವೇ ಮುಚ್ಚಿಕೊಳ್ಳಬೇಕು. ನಾಳೆರಾಯರ ಮನೆಯ ಹಜಾರದ ಅಲ್ಯೂಮಿನಿಯಂ ಕಿಟಕಿ ಈ ಎರಡು ಧರ್ಮಗಳನ್ನೂ ಬಿಟ್ಟು ಮೂರನೆಯದೊಂದನ್ನು ಹಿಡಿದಿತ್ತು. ಪಕ್ಕಕ್ಕೆ ತಳ್ಳಿದರೆ ಬೆಕ್ಕು ನುಸುಳುವಷ್ಟು ಸರಿಯುತ್ತಿತ್ತು. ಅಲ್ಲಿ ನಿಂತಿತೋ, ನಡುದಾರಿಯಲ್ಲಿ ಮಲಗಿಬಿಟ್ಟ ಎತ್ತಿನ ಹಾಗೆ. ಬೈದರೂ ಏಳದು, ಬೇಡಿದರೂ ಏಳದು.

ರಾಯರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ಮನೆಯ ಯಾವ ಕೆಲಸ ಹೇಳಿದರೂ ಅವರು "ನಾಳೆ ಮಾಡ್ತೀನಿ" ಅನ್ನುತ್ತಿದ್ದುದರಿಂದ ಅಕ್ಕಪಕ್ಕದವರು ಸೇರಿ ಅವರಿಗೆ ಒಪ್ಪುವ ಹೆಸರನ್ನೇ ಇಟ್ಟಿದ್ದರು. ಬಸ್ ಡಿಪೋದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೋಣೆಗೆ ಅವರು ಗುಮಾಸ್ತರು. ಕೊಡೆ, ಊಟದ ಡಬ್ಬಿ, ಸೂಟ್‌ಕೇಸು, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು ಕೂಡ, ಎಲ್ಲವೂ ಒಡೆಯರ ದಾರಿ ನೋಡುತ್ತ ಕೂತಿರುವ ಆ ಕೋಣೆಯಲ್ಲಿ ತಾವೂ ಕೂತು ಕೂತು, ಕಾಯುವುದೇ ಒಂದು ದೊಡ್ಡ ಕೆಲಸ ಅನ್ನುವ ನಂಬಿಕೆ ರಾಯರಿಗೆ ಬಂದುಬಿಟ್ಟಿತ್ತು.

ಅಂದು ರಜಾದಿನ. ಬೆಳಗಿನ ಕಾಫಿ ಇನ್ನೂ ಅರ್ಧ ಲೋಟ ಇರುವಾಗಲೇ ಹೆಂಡತಿ ಫೋನು ಕೆಳಗಿಟ್ಟು ಬಂದಳು.

"ರೀ, ಅಣ್ಣ ಸಾಯಂಕಾಲ ಬರ್ತಾನಂತೆ. ಬೆಳಿಗ್ಗೆ ಎದ್ದು ಹೊರಡ್ತಾನಂತೆ. ಕಿಟಕಿ ವಿಷಯ ಹೇಳ್ದೆ. ಪೆಟ್ಟಿಗೆ ತಗೊಂಡೇ ಬರ್ತೀನಿ ಅಂದ."

ಪೆಟ್ಟಿಗೆ ಅಂದರೆ ಸುತ್ತಿಗೆ, ಪಕ್ಕಡ, ತಿರುಪುಳಿ ತುಂಬಿದ ಕಬ್ಬಿಣದ ಪೆಟ್ಟಿಗೆ. ಆ ಪೆಟ್ಟಿಗೆ ಮನೆಯೊಳಗೆ ಬಂದಾಗಲೆಲ್ಲ ರಾಯರ ಪಾಲಿನದು ಏನಾದರೊಂದು ಕೈಬಿಟ್ಟು ಹೋಗುತ್ತಿತ್ತು. ಬಚ್ಚಲ ನಲ್ಲಿಯನ್ನು ಭಾವ ರಿಪೇರಿ ಮಾಡಿದ. ಅಂದಿನಿಂದ ಅದು 'ಅಣ್ಣನ ನಲ್ಲಿ'. ಹಿಂಬಾಗಿಲಿನದು 'ಅಣ್ಣನ ಚಿಲಕ'. ಅಡುಗೆಮನೆಯದು 'ಅಣ್ಣನ ಸ್ವಿಚ್ಚು'. "ಅಣ್ಣನ ಚಿಲಕ ಹಾಕಿದ್ರಾ?" ಎಂದು ಹೆಂಡತಿ ದಿನವೂ ಕೇಳುವಳು; ರಾಯರು ದಿನವೂ ಹಾಕುವರು. ಮನೆಯೇನೋ ಅವರದೇ. ಆದರೆ ಅವರ ಹೆಸರಿನದು ಅಂತ ಗೋಡೆಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಈಗ ಕಿಟಕಿಯೂ ಹೋದರೆ ಗತಿಯೇನು? ಒಳಗೆ ಬರುವ ಗಾಳಿಯೂ ಭಾವನದೇ ಆದಮೇಲೆ ತಾವು ಉಸಿರಾಡುವುದು ಯಾರ ಕೃಪೆಯಿಂದ?

"ಪೆಟ್ಟಿಗೆ ಬೇಡ ಅನ್ನು," ರಾಯರು ಲೋಟ ಕೆಳಗಿಟ್ಟರು. "ಕಿಟಕಿ ನಾನೇ ಮಾಡ್ತೀನಿ."

"ಯಾವಾಗ?"

"ನಾ..." ನಾಲಿಗೆ ಹಳೆಯ ಜಾಡಿಗೆ ಹೊರಳಿತು. ರಾಯರು ಕಚ್ಚಿ ಹಿಡಿದರು. "ಈವತ್ತು. ಭಾವ ಬರೋದ್ರೊಳಗೆ."

ಹೆಂಡತಿ ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

"ಆಗ್ಲಿ," ಎಂದಳು. "ನೀವು ಮಾಡಿದ್ರೆ ಅದು ನಿಮ್ಮ ಕಿಟಕಿ. ನಾನೇ ಎಲ್ಲರಿಗೂ ಹೇಳ್ತೀನಿ, ಇವರ ಕಿಟಕಿ ಅಂತ."

ಆ ಮಾತು ರಾಯರ ಕಿವಿಯಲ್ಲಿ ಗಂಟೆಯ ನಾದದ ಹಾಗೆ ಉಳಿಯಿತು. ಪಂಚೆ ಎತ್ತಿ ಕಟ್ಟಿ, ಮನಸ್ಸಿನಲ್ಲೇ ದೇವರಿಗೊಂದು ಕೈ ಮುಗಿದು, ಅಡುಗೆಮನೆಗೆ ಹೋಗಿ ಎಣ್ಣೆಯ ಸೀಸೆ ತಂದರು. ಬಿಗಿದದ್ದು ಸಡಿಲವಾಗಬೇಕಾದರೆ ಎಣ್ಣೆ ಬೇಕು. ಇಷ್ಟು ಜ್ಞಾನವನ್ನು ದೇವರು ಎಲ್ಲರಿಗೂ ಕೊಟ್ಟಿದ್ದಾನೆ. ಕಿಟಕಿ ಓಡುವ ಕೆಳಗಿನ ಹಳಿಯ ಉದ್ದಕ್ಕೂ ಚಮಚದಿಂದ ಎಣ್ಣೆ ಬಿಟ್ಟು, ಹಿಡಿಕೆಗೆ ಎರಡೂ ಕೈ ಕೊಟ್ಟು ತಳ್ಳಿದರು. ಕಿಟಕಿ 'ಕುಂಯ್' ಎಂದಿತು. ಮುಂದಿನ ಮಾತಾಡಲಿಲ್ಲ.

ಆ ಕಿಟಕಿ ಇದ್ದದ್ದು ಎಲ್ಲ ಮನೆಯವರೂ ಓಡಾಡುವ ಕಾರಿಡಾರಿನ ಕಡೆಗೆ. ಅಲ್ಲಿ 'ಕುಂಯ್' ಎಂದರೆ ಸಭೆ ಕರೆದಂತೆಯೇ. ಮೊದಲು ಬಂದವರು ಮೇಲಿನ ಮನೆಯ ಅಜ್ಜಿ. ಬೆಕ್ಕು ನುಸುಳುವ ಸಂದಿಗೆ ಬಾಯಿಟ್ಟು ಕೇಳಿದರು.

"ಏನಪ್ಪಾ, ನಾಯಿಮರಿ ತಂದ್ಯಾ?"

"ಇಲ್ಲಜ್ಜಿ, ಕಿಟಕಿ."

"ಕಿಟಕಿ ಹಿಂಗೆ ಅಳ್ತದಾ? ಯಾವ ಎಣ್ಣೆ ಹಾಕ್ದೆ?"

"ಅಡುಗೆ ಎಣ್ಣೆ."

"ಅಯ್ಯೋ ಮಗನೆ, ಅದೇನು ಕರಿದು ತಿನ್ನೋದಾ?" ಅಜ್ಜಿ ತಮ್ಮ ಸೊಂಟದ ಚೀಲದಿಂದ ಒಂದು ಪುಟ್ಟ ಹಸಿರು ಸೀಸೆ ತೆಗೆದು ಸಂದಿಯಿಂದ ಒಳಗೆ ತೂರಿಸಿದರು. "ಮಂಡಿನೋವಿನ ಎಣ್ಣೆ. ನನ್ನ ಮಂಡೀನೇ ಮೇಲಿನ ಮಹಡಿವರೆಗೆ ಹತ್ತಿಸ್ತದೆ. ನಿನ್ನ ಕಿಟಕಿ ಯಾವ ಲೆಕ್ಕ? ಅದು ಸಮತಟ್ಟಿನಲ್ಲೇ ಓಡೋದು ತಾನೆ?"

ಹಿರಿಯರ ಮಾತು ಮೀರಬಾರದು. ರಾಯರು ಅದನ್ನೂ ಬಿಟ್ಟರು. ಕಣ್ಣಲ್ಲಿ ನೀರು ಬರುವ ವಾಸನೆ ಹಜಾರ ತುಂಬಿತು. ರಾಯರ ಮೂಗು ಬಿಟ್ಟುಕೊಂಡಿತೇ ಹೊರತು ಕಿಟಕಿ ಬಿಟ್ಟುಕೊಳ್ಳಲಿಲ್ಲ.

ವಾಸನೆ ಹಿಡಿದುಕೊಂಡು ಬಂದವನು ಕೆಳಮನೆಯ ದರ್ಜಿ. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಹುಟ್ಟಿದವನ ಹಾಗಿದ್ದ. ಸಂದಿಯಿಂದ ನೋಡಿ ತಲೆ ಅಲ್ಲಾಡಿಸಿ, ಓಡಿಹೋಗಿ ಮೂತಿ ಉದ್ದದ ಎಣ್ಣೆಡಬ್ಬಿ ತಂದ.

"ರಾಯರೇ, ಇದು ಹೊಲಿಗೆ ಮಿಷನ್ ಎಣ್ಣೆ. ನಮ್ಮ ಮಿಷನ್ನು ಯಾವತ್ತಾದ್ರೂ ಕುಂಯ್ ಅಂದಿದ್ದು ಕೇಳಿದೀರಾ?"

"ನಿನ್ನ ಮಿಷನ್ನು ಓಡಿದ್ದೇ ಕೇಳಿಲ್ಲ," ಎಂದರು ಅಜ್ಜಿ. "ನನ್ನ ರವಿಕೆ ಕೊಟ್ಟು ಎಷ್ಟು ದಿನ ಆಯ್ತು?"

ದರ್ಜಿ ಕಿವುಡನಾಗಿ ಡಬ್ಬಿಯ ಮೂತಿಯನ್ನು ಹಳಿಗೆ ಇಟ್ಟು ಒತ್ತಿದ. ಅದು ಬರಿದಾಗುವವರೆಗೂ ಒತ್ತಿದ.

ಕೊನೆಗೆ ಎದುರುಮನೆಯ ಹೆಡ್‌ಮೇಷ್ಟ್ರು ಬಂದರು. ನಿವೃತ್ತರಾಗಿದ್ದರೂ ಎಲ್ಲಿ ನಾಲ್ಕು ಜನ ನಿಂತರೂ ಅವರಿಗೆ ಅದು ತರಗತಿಯಾಗಿಯೇ ಕಾಣುತ್ತಿತ್ತು.

"ಎಣ್ಣೆ ತಪ್ಪು," ಎಂದರು. "ಘರ್ಷಣೆ ಕಡಿಮೆಯಾಗ್ಬೇಕು. ಕೇರಂ ಬೋರ್ಡಿಗೆ ಎಣ್ಣೆ ಹಾಕ್ತಾರೇನ್ರಿ? ಏನು ಹಾಕ್ತಾರೆ?"

"ಪೌಡರ್, ಸಾರ್," ಎಂದ ದರ್ಜಿ, ಕೈಯೆತ್ತಿ.

"ಕೂತ್ಕೋ. ಅಂದ್ರೆ, ನಿಂತ್ಕೋ. ನಮ್ಮನೇಲಿದೆ, ತರ್ತೀನಿ."

ಪೌಡರ್ ಡಬ್ಬಿ ಬೆಕ್ಕಿನ ಸಂದಿಗೆ ಹಿಡಿಸಲಿಲ್ಲ. ರಾಯರೇ ಮೊಣಕೈವರೆಗೆ ತೋಳು ಹೊರಗೆ ಚಾಚಿ ಡಬ್ಬಿ ಹಿಡಿದು, ಹಳಿಯ ಮೇಲೆ ಸುರಿದರು. ಮೂರು ಬಗೆಯ ಎಣ್ಣೆ, ಅದರ ಮೇಲೆ ಘಮಘಮ ಪೌಡರ್, ಕೆಳಗೆ ವರ್ಷಗಳ ಧೂಳು. ಹಳಿಯಲ್ಲಿ ಈಗ ನಾದಿದ ಹಿಟ್ಟಿನಂಥದ್ದೊಂದು ತಯಾರಾಯಿತು.

"ಎಲ್ಲರೂ ಒಟ್ಟಿಗೆ," ಎಂದು ಮೇಷ್ಟ್ರು ಆಜ್ಞೆ ಕೊಟ್ಟರು. "ನಾನು ಹೇಳಿದಾಗ ಎಡಕ್ಕೆ ತಳ್ಳಿ. ಹೂಂ, ಎಡಕ್ಕೆ."

ಮೇಷ್ಟ್ರು, ದರ್ಜಿ, ಅಜ್ಜಿ ಹೊರಗೆ ನಿಂತು ತಮ್ಮ ಎಡಕ್ಕೆ ತಳ್ಳಿದರು. ರಾಯರು ಒಳಗೆ ನಿಂತು ತಮ್ಮ ಎಡಕ್ಕೆ ತಳ್ಳಿದರು. ಹೊರಗಿನ ಎಡವೂ ಒಳಗಿನ ಎಡವೂ ಎದುರುಬದುರು ಎಂಬುದು ಆ ಗಳಿಗೆಯಲ್ಲಿ ಮೇಷ್ಟ್ರಿಗೂ ಹೊಳೆಯಲಿಲ್ಲ. ಹೊರಗೆ ಮೂವರು, ಒಳಗೆ ಒಬ್ಬರು. ಕಿಟಕಿ ಬಹುಮತಕ್ಕೆ ತಲೆಬಾಗಿ ಮುಚ್ಚುವ ದಿಕ್ಕಿಗೆ ಸರಿಯಿತು. ಡಬ್ಬಿ ಹಿಡಿದ ರಾಯರ ತೋಳು ಇನ್ನೂ ಹೊರಗೇ ಇತ್ತು.

"ತೋಳು, ತೋಳು," ಎಂದರು ರಾಯರು.

"ತಾಳು ಅಂತಿದಾನೆ, ಬಿಡಬೇಡಿ," ಎಂದರು ಅಜ್ಜಿ.

ತೋಳು ಸಿಕ್ಕಿಬಿದ್ದಿದೆ ಅಂತ ತಿಳಿಯುವಷ್ಟರಲ್ಲಿ ಅದು ಬಿಳಿಚಿಕೊಂಡಿತ್ತು. ಕಿಟಕಿ ಈಗ ಆಚೆಗೂ ಇಲ್ಲ, ಈಚೆಗೂ ಇಲ್ಲ. ಕೊನೆಗೆ ಅಜ್ಜಿಯೇ ಮಂಡಿಯೆಣ್ಣೆಯನ್ನು ರಾಯರ ತೋಳಿಗೆ ಧಾರಾಳವಾಗಿ ಸವರಿ, ದರ್ಜಿ ಹೊರಗಿನಿಂದ ನೂಕಿ, ಹೆಂಡತಿ ಒಳಗಿನಿಂದ ಸೊಂಟ ಹಿಡಿದು ಎಳೆದು ಬಿಡಿಸಿದರು. ಅಷ್ಟೂ ಎಣ್ಣೆಯಿಂದ ಆ ಬೆಳಿಗ್ಗೆ ಸಲೀಸಾಗಿ ಜಾರಿದ್ದು ರಾಯರ ತೋಳೊಂದೇ.

"ನಾನು ಹೇಳ್ಲಿಲ್ವಾ, ಒಳ್ಳೆ ಎಣ್ಣೆ ಅಂತ," ಎಂದರು ಅಜ್ಜಿ.

ಕಿಟಕಿಯಲ್ಲೀಗ ಬೆಕ್ಕಿರಲಿ, ಇಲಿಯೂ ನುಸುಳುವಂತಿರಲಿಲ್ಲ. ಊಟದ ಹೊತ್ತಾಯಿತೆಂದು ಸಭೆ ಚದುರಿತು. ಹೆಂಡತಿ ಅಣ್ಣನಿಗೆ ಫೋನು ಮಾಡಿದಳು. ಅತ್ತಲಿಂದ ಭಾವನ ನಗು ಹಜಾರದವರೆಗೂ ಕೇಳಿಸಿತು.

"ಪೌಡರ್ ಹಾಕಿದ್ರಾ? ಮಗೂಗೆ ಸ್ನಾನ ಮಾಡಿಸ್ತಾ ಇದ್ರೇನು? ರಾಯರಿಗೆ ಮುಟ್ಬೇಡಿ ಅಂತ ಹೇಳಮ್ಮಾ. ಇಂಥ ಕಿಟಕಿ ನಾನು ಎಷ್ಟು ನೋಡಿಲ್ಲ? ಬಂದವನೇ ಭುಜ ಕೊಟ್ಟು ಒಂದು ನೂಕು ನೂಕ್ತೀನಿ, ಎದ್ದು ಓಡತ್ತೆ."

ರಾಯರಿಗೆ ಊಟ ಸೇರಲಿಲ್ಲ. ಕಿಟಕಿಯ ಕೆಳಗೆ ನೆಲದ ಮೇಲೆ ಕೂತರು. ಮಧ್ಯಾಹ್ನ ಕಾರಿಡಾರು ಮೌನವಾಗಿತ್ತು. ಮೇಲೆ ಅಜ್ಜಿಯ ಗೊರಕೆ, ಎದುರಿಗೆ ಮೇಷ್ಟ್ರ ಗೊರಕೆ, ಒಂದಕ್ಕೊಂದು ಉತ್ತರ ಕೊಡುತ್ತಿದ್ದವು. ಮನುಷ್ಯ ಸೋತು ಸುಮ್ಮನಾದಾಗಲೇ ದೇವರಿಗೆ ಮಾತಾಡಲು ಬಿಡುವು ಸಿಗುವುದು ಎಂದು ಹಿರಿಯರು ಹೇಳುತ್ತಾರೆ. ರಾಯರು ಏನೂ ಮಾಡಲು ತೋಚದೆ ಬಗ್ಗಿ, ಬೆಳಗಿನಿಂದ ಒಮ್ಮೆಯೂ ನೋಡದ ಆ ಹಳಿಯನ್ನು ಮೊದಲ ಸಲ ನೋಡಿದರು.

ಅದರೊಳಗೆ ಒಂದು ಊರೇ ಇತ್ತು. ಕೂದಲು, ದಾರದ ತುಂಡು, ಸತ್ತ ಇರುವೆ, ಸುಣ್ಣದ ಚಕ್ಕೆ, ಒಣಗಿದ ಎಲೆ, ಎಲ್ಲವೂ ಎಣ್ಣೆಯಲ್ಲಿ ಅದ್ದಿಕೊಂಡು ಮಲಗಿದ್ದವು. ಮೂಲೆಯಲ್ಲಿ ಏನೋ ಮಿನುಗಿತು. ಉಗುರಿನಿಂದ ಕೆರೆದು ತೆಗೆದರೆ ಹೆಂಡತಿಯ ಓಲೆಯ ತಿರುಪು. ಮನೆಯೆಲ್ಲ ಹುಡುಕಿ, ಕೊನೆಗೆ "ನೀವೇ ಕಸದ ಜೊತೆ ಗುಡಿಸಿ ಹಾಕಿದ್ರಿ" ಎಂದು ಅವಳು ರಾಯರ ತಲೆಗೆ ಕಟ್ಟಿದ್ದ ತಿರುಪು.

ಕಳೆದದ್ದೊಂದು ಕೈಗೆ ಬಂದದ್ದೇ ತಡ, ರಾಯರ ಕೈ ಡಿಪೋದ ಕೈಯಾಯಿತು. ತಿರುಪನ್ನು ಒರೆಸಿ, ಬೆಳಕಿಗೆ ಹಿಡಿದು, ಜೇಬಿಗೆ ಹಾಕಿಕೊಳ್ಳುವಾಗ ಅವರಿಗೆ ತಮ್ಮ ಕೋಣೆ ನೆನಪಾಯಿತು. ಅಲ್ಲಿಗೆ ಬರುವ ಸೂಟ್‌ಕೇಸುಗಳಲ್ಲಿ ಅರ್ಧಕ್ಕರ್ಧ ಜಿಪ್ಪು ಹಿಡಿದುಕೊಂಡವೇ. ಒಡೆಯ ಬಂದು ಎಳೆಯುತ್ತಾನೆ, ಬೈಯುತ್ತಾನೆ, ಎಣ್ಣೆ ಇದೆಯಾ ಎಂದು ಕೇಳುತ್ತಾನೆ. ಆಗ ರಾಯರು, ಇದೇ ರಾಯರು, "ಎಣ್ಣೆ ಮುಟ್ಟಿಸ್ಬೇಡಿ ಸ್ವಾಮಿ, ಮಣ್ಣು ಇನ್ನೂ ಕಚ್ಕೊಳತ್ತೆ" ಎಂದು ಗದರಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜಿಪ್ಪಿನ ಹಲ್ಲು ಉಜ್ಜಿ, ಒರೆಸಿ, ಮೋಂಬತ್ತಿಯ ತುಂಡನ್ನು ಎರಡು ಸಲ ಎಳೆದು ಕೊಡುತ್ತಾರೆ. ಜಿಪ್ಪು ಸರ್ರನೆ ಓಡುತ್ತದೆ. ಆ ಕೋಣೆಯಲ್ಲಿ ಈ ಒಂದು ವಿದ್ಯೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಆ ವಿದ್ಯೆಯನ್ನು ಅವರು ದಿನವೂ ಸಂಜೆ ಡಿಪೋದಲ್ಲೇ ಬೀಗ ಹಾಕಿ ಬಿಟ್ಟುಬರುತ್ತಿದ್ದರು, ಅಷ್ಟೆ.

"ಇವಳೇ," ಎಂದು ಕೂಗಿದರು. ದನಿಯಲ್ಲಿ ಹೊಸದೇನೋ ಇತ್ತು. "ಹಳೇ ಬ್ರಷ್ಷು ತಾ. ಬಿಸಿನೀರು, ಸೋಪು, ಹಳೇ ಬನಿಯನ್ನು, ಒಂದು ಕಸಬರಿಗೆ ಕಡ್ಡಿ."

"ಇನ್ನೂ ಏನು ಹಾಕ್ತೀರಿ ಅದಕ್ಕೆ?"

"ಹಾಕಲ್ಲ. ತೆಗೀತೀನಿ."

ಗಂಡಹೆಂಡಿರು ಸೇರಿ ಕಿಟಕಿಯ ಬಾಗಿಲನ್ನು ಮೇಲಕ್ಕೆತ್ತಿ, ಬುಡವನ್ನು ಒಳಕ್ಕೆ ಎಳೆದು, ಹಳಿಯಿಂದ ಬಿಡಿಸಿ ನೆಲದ ಮೇಲೆ ಮಲಗಿಸಿದರು. ಅದರ ಬುಡದಲ್ಲಿ ಎರಡು ಪುಟ್ಟ ಚಕ್ರ. ಕಿಟಕಿಗೆ ಚಕ್ರವಿರುತ್ತದೆಂದು ರಾಯರಿಗೆ ಅಂದೇ ಗೊತ್ತಾದದ್ದು. ಚಕ್ರಗಳ ಸುತ್ತ ಕೂದಲು, ದರ್ಜಿಯ ಬಣ್ಣಬಣ್ಣದ ದಾರ; ರವಿಕೆಯಾಗದ ದಾರವೆಲ್ಲ ಇಲ್ಲಿ ಬಂದು ಸೇರಿದಂತಿತ್ತು. ಕತ್ತರಿಯ ತುದಿಯಿಂದ ಅದನ್ನೆಲ್ಲ ಬಿಡಿಸಿದರು. ಹಳಿಯ ಹಿಟ್ಟನ್ನು ಬನಿಯನ್ನಿನಿಂದ ಬಳಿದರು, ಸೋಪುನೀರಿನಲ್ಲಿ ಉಜ್ಜಿದರು. ನೀರು ಹರಿದುಹೋಗಲೆಂದು ಹಳಿಯಲ್ಲಿದ್ದ ತೂತುಗಳಿಗೆ ಕಡ್ಡಿ ಹಾಕಿ ತಿರುವಿದರು. ಕಟ್ಟಿನಿಂತಿದ್ದ ಕಪ್ಪುನೀರು ಗುಳುಗುಳು ಇಳಿದುಹೋಯಿತು. ಕೊನೆಗೆ ಒಣಬಟ್ಟೆಯಲ್ಲಿ ಒರೆಸಿ, ಮೋಂಬತ್ತಿಯ ತುಂಡನ್ನು ಹಳಿಯ ಈ ಕೊನೆಯಿಂದ ಆ ಕೊನೆಗೆ ಎಳೆದರು. ಹಚ್ಚುವಾಗ ಅವರ ತುಟಿ ಏನೋ ಗೊಣಗುತ್ತಿತ್ತು. ಮಂತ್ರವಲ್ಲ, "ಮಣ್ಣು ಬಿಡಿಸಿ, ಆಮೇಲೆ ಮೇಣ" ಎಂದು ಒಡೆಯರಿಗೆ ಹೇಳುವ ಮಾತನ್ನೇ ತಮಗೆ ತಾವು ಹೇಳಿಕೊಳ್ಳುತ್ತಿದ್ದರು.

ಬಾಗಿಲನ್ನು ಮತ್ತೆ ಹಳಿಯ ಮೇಲೆ ಕೂರಿಸಿದರು. ರಾಯರು ಬಲಗೈಯ ಕಿರುಬೆರಳನ್ನು ಹಿಡಿಕೆಗೆ ತಾಗಿಸಿದರು. ತಳ್ಳಲಿಲ್ಲ, ತಾಗಿಸಿದರು.

ಕಿಟಕಿ ಹೊರಟಿತು. ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಅನ್ನಬಹುದು. ಆದರೆ ಅದಕ್ಕಿಂತ ಸಲೀಸಾಗಿ, ಶಾಲೆ ಬಿಟ್ಟ ಮಗುವಿನ ಹಾಗೆ, ಹಿಂದಿರುಗಿ ನೋಡದೆ ಹೋಯಿತು. ಆ ಕೊನೆಗೆ ಮುಟ್ಟಿ 'ಟಿಕ್' ಎಂದಿತು. ಕಾರಿಡಾರಿನಲ್ಲಿ ಯಾವಾಗಿನಿಂದಲೋ ಕಾದು ನಿಂತಿದ್ದ ಗಾಳಿಯೆಲ್ಲ ಒಟ್ಟಿಗೆ ಒಳಗೆ ಬಂದು ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಎತ್ತಿ ಹಾರಿಸಿತು.

ರಾಯರು ಮುಚ್ಚಿದರು. ತೆರೆದರು. ಮುಚ್ಚಿದರು. ಎಡಗೈಯ ಬೆರಳಿನಿಂದ ತೆರೆದರು. ಮೊಣಕೈಯಿಂದ ಮುಚ್ಚಿದರು. ಬೆನ್ನು ತಿರುಗಿಸಿ ನಿಂತು, ಏನೂ ಗೊತ್ತಿಲ್ಲದವರ ಹಾಗೆ ತೆರೆದರು. ಆಮೇಲೆ ಜೇಬಿನಿಂದ ತಿರುಪು ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟರು.

"ಅಯ್ಯೋ, ಇದು... ಎಲ್ಲಿತ್ತು?"

"ವಸ್ತು ಯಾವತ್ತೂ ಕಳೆಯಲ್ಲ ಕಣೇ," ಎಂದರು ರಾಯರು, ಡಿಪೋದ ಗಾಂಭೀರ್ಯದಲ್ಲಿ. "ಒಡೆಯರು ನೋಡೋದು ಬಿಟ್ಟಿರ್ತಾರೆ."

ನಿದ್ದೆ ಮುಗಿಸಿ ಎದ್ದ ಕಾರಿಡಾರು ಒಂದೊಂದಾಗಿ ಬಂದು ನಿಂತಿತು. ಕಿಟಕಿ ಓಡುವುದನ್ನು ಕಣ್ಣಾರೆ ಕಂಡಿತು.

"ನೋಡ್ದಾ?" ಎಂದರು ಅಜ್ಜಿ. "ಮಂಡೀಗೂ ಹಿಂಗೇ. ಬೆಳಿಗ್ಗೆ ಹಚ್ಚಿದ್ರೆ ಸಾಯಂಕಾಲ ಬಿಡೋದು."

"ಮಿಷನ್ ಎಣ್ಣೆ ಒಳಗೆ ಇಳಿಯೋಕೆ ಸ್ವಲ್ಪ ಹೊತ್ತು ಬೇಕಜ್ಜಿ," ಎಂದ ದರ್ಜಿ.

"ತತ್ವ ಒಂದೇ," ಎಂದರು ಮೇಷ್ಟ್ರು. "ಘರ್ಷಣೆ."

ಆಗ ರಾಯರ ಹೆಂಡತಿ ಕಿಟಕಿಯ ಎದುರು ಬಂದು ನಿಂತಳು. ಕಿವಿಯಲ್ಲಿ ಓಲೆ ಮಿನುಗುತ್ತಿತ್ತು.

"ನಿಮ್ಮ ಎಣ್ಣೆ, ಪೌಡರ್ ಎಲ್ಲಾ ಆ ಬಕೀಟಲ್ಲಿದೆ, ಬೇಕಾದ್ರೆ ತಗೊಂಡು ಹೋಗಿ. ಇದು ಇವರು ಮಾಡಿದ್ದು. ಇದು ಇವರ ಕಿಟಕಿ."

ರಾಯರು ಆ ಮಾತನ್ನು ಕೇಳಿದರು. ಆ ಸಂಜೆ ಸೂರ್ಯ ಮುಳುಗದೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ ಎಂದು ಅವರು ಆಮೇಲೂ ನಂಬಿದ್ದರು. ಗೋಡೆಯ ಪಕ್ಕದಲ್ಲಿದ್ದ ತಮ್ಮ ಕುರ್ಚಿಯನ್ನು ಎಳೆದು ಕಿಟಕಿಯ ಮುಂದೆ ಹಾಕಿಕೊಂಡು, ತಮ್ಮ ಕಿಟಕಿಯ ಗಾಳಿಯಲ್ಲಿ, ತಮ್ಮ ಉಸಿರನ್ನು ತಾವೇ ಎಳೆದುಕೊಳ್ಳುತ್ತ ಕೂತರು.

ದೀಪ ಹಚ್ಚುವ ಹೊತ್ತಿಗೆ ಭಾವ ಬಂದ. ಆಳು ಬಾಗಿಲಿನಷ್ಟು ಎತ್ತರ, ಕೈಯಲ್ಲಿ ಪೆಟ್ಟಿಗೆ. ಚಪ್ಪಲಿ ಬಿಡುವ ಮೊದಲೇ ಕೇಳಿದ.

"ಎಲ್ಲಿ ರಾಯರೇ, ನಿಮ್ಮ ಪೌಡರ್ ಹಾಕಿಸ್ಕೊಂಡ ಮಗು?"

ರಾಯರು ಇಲ್ಲಿ, ಈ ಒಂದು ಗಳಿಗೆಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದರೆ ಕತೆ ಮಂಗಳವಾಗಿ ಮುಗಿಯುತ್ತಿತ್ತು. ಆದರೆ ಗೆದ್ದವನಿಗೆ ಗೆಲುವೊಂದೇ ಸಾಲದು. ಸೋತವನ ಮುಖವನ್ನೂ ನೋಡಬೇಕು. ಅವರು ಮೆಲ್ಲನೆ ಎದ್ದು, ಕಿಟಕಿಯನ್ನು ಪೂರ್ತಿ ಮುಚ್ಚಿ, ಕುರ್ಚಿ ಪಕ್ಕಕ್ಕೆ ಸರಿಸಿ, ವಿನಯದಿಂದ ಕೈ ತೋರಿದರು.

"ನೀವೇ ನೋಡಿ ಭಾವ."

ಭಾವ ಪೆಟ್ಟಿಗೆ ಕೆಳಗಿಟ್ಟ. ಅಂಗಿಯ ತೋಳು ಮಡಿಸಿದ. ಆಸರೆಗೆಂದು ಬಲಗೈಯಿಂದ ಚೌಕಟ್ಟಿನ ಅಂಚನ್ನು ಬಿಗಿಯಾಗಿ ಹಿಡಿದ, ಎಡಗೈಯನ್ನು ಹಿಡಿಕೆಗೆ ಕೊಟ್ಟ, ಭುಜ ಆನಿಸಿದ. ಎತ್ತಿನಬಂಡಿಯನ್ನು ಕೆಸರಿನಿಂದ ಎಬ್ಬಿಸುವವನ ಹಾಗೆ ಒಮ್ಮೆ ಉಸಿರು ತುಂಬಿಕೊಂಡು, ಫೋನಿನಲ್ಲಿ ಹೇಳಿದ್ದ ಆ ಒಂದು ನೂಕು ನೂಕಿದ.

ಕಿಟಕಿ ಹೋದದ್ದು ಯಾರಿಗೂ ಕಾಣಲಿಲ್ಲ. ಆ ಕೊನೆಗೆ ಬಡಿದ ಸದ್ದು ಮಾತ್ರ ಕೇಳಿತು. ಅದರ ಹಿಂದೆ ಭಾವನೂ ಅರ್ಧ ದಾರಿ ಹೋದ. ಕಿಟಕಿ ಅಷ್ಟೇ ವೇಗದಲ್ಲಿ, ಅಷ್ಟೇ ನಯವಾಗಿ, ಮೇಣದ ಮೇಲೆ ತೇಲಿಕೊಂಡು ಹಿಂದಕ್ಕೆ ಬಂತು. ಚೌಕಟ್ಟಿನ ಅಂಚು ಹಿಡಿದಿದ್ದ ಭಾವನ ಬಲಗೈಯ ಹೆಬ್ಬೆರಳು ಆ ನೂಕಿಗೆ ಒಳಕ್ಕೆ ಜಾರಿ ಕಿಟಕಿಯ ದಾರಿಯಲ್ಲೇ ಇತ್ತು.

ಆಮೇಲೆ ಕೇಳಿದ್ದು ಕಿಟಕಿಯ 'ಕುಂಯ್' ಅಲ್ಲ. ಆದರೂ ಕಾರಿಡಾರಿನವರೆಲ್ಲ ಬಂದರು.

ಬೀದಿಯ ಕೊನೆಯ ಡಾಕ್ಟರು ಹೆಬ್ಬೆರಳಿಗೆ ಬದನೆಕಾಯಿ ಗಾತ್ರದ ಪಟ್ಟಿ ಸುತ್ತಿ, "ಮೂಳೆಗೆ ಏನೂ ಆಗಿಲ್ಲ, ಆದ್ರೆ ಒಂದು ತಿಂಗಳು ಸುತ್ತಿಗೆ, ಪಕ್ಕಡ ಮುಟ್ಟಕೂಡದು. ಬಸ್ಸಿನ ಕುಲುಕಾಟಾನೂ ಸದ್ಯಕ್ಕೆ ಬೇಡ" ಎಂದರು. ಬೆಳಿಗ್ಗೆ ಎದ್ದು ಹೊರಡಬೇಕಾಗಿದ್ದ ಭಾವನನ್ನು ಮನೆಗೆ ಕರೆತಂದು, ಗಾಳಿ ಚೆನ್ನಾಗಿ ಬರುತ್ತದೆಂದು ಕಿಟಕಿಯ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಬೆನ್ನಿಗೆ ರಾಯರ ದಿಂಬು ಬಂತು. ಕಾಲಿಗೆ ರಾಯರ ಸ್ಟೂಲು ಬಂತು.

ರಾಯರಿಗೆ ಮರುಕವೇನೋ ಆಯಿತು. ಆದರೆ ಒಳಗೊಳಗೇ ಒಂದು ದೀಪವೂ ಉರಿಯುತ್ತಿತ್ತು: ಕಿಟಕಿ ಎಷ್ಟು ನಯವಾಗಿ ಓಡುತ್ತದೆ ಎನ್ನುವುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕೆ? ಭಾವನ ಹೆಬ್ಬೆರಳೇ ಸಾಕ್ಷಿ.

ಭಾವ ಎಡಗೈಯ ಒಂದು ಬೆರಳಿನಿಂದ ಕಿಟಕಿಯನ್ನು ಅತ್ತ ಸರಿಸಿದ, ಇತ್ತ ಸರಿಸಿದ.

"ಚೆನ್ನಾಗಿ ಮಾಡಿದೀರಿ ರಾಯರೇ," ಎಂದ. ನಿಜವಾಗಿಯೇ ಅಂದ. "ನಿಮ್ಮ ಕೈಯಲ್ಲಿ ಇಂಥ ಕೆಲಸ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ರಾಯರ ಎದೆ ಉಬ್ಬಿತು.

"ಗೊತ್ತಾಗಿದ್ದು ಒಳ್ಳೇದೇ ಆಯ್ತು," ಎಂದು ಭಾವ ಮುಂದುವರಿಸಿದ. "ನಾನು ಒಂದು ತಿಂಗಳು ಸುಮ್ನೆ ಕೂತಿರೋ ಜಾತಿ ಅಲ್ಲ. ಕೈ ಹೋದ್ರೇನು, ಬಾಯಿದೆ. ನಾನು ಇಲ್ಲಿಂದ ಹೇಳ್ತಾ ಹೋಗ್ತೀನಿ, ನೀವು ಮಾಡ್ತಾ ಹೋಗಿ. ಅಡುಗೆಮನೆ ಸಿಂಕು ಸೋರ್ತಿದೆಯಂತೆ. ಪೆಟ್ಟಿಗೆ ತೆಗೀರಿ."

"ಭಾವ, ಈವತ್ತು ಹೊತ್ತಾಯ್ತು. ಸಿಂಕು ನಾಳೆ..."

"ನಾಳೆಗೆ ಕಪಾಟಿನ ಬಾಗಿಲಿದೆ."

ಅಜ್ಜಿ ಹೊರಗಿನಿಂದ ಕಿಟಕಿಯನ್ನು ಪೂರ್ತಿ ಸರಿಸಿ ಮೊಣಕೈಯೂರಿ ನಿಂತರು. "ಹೆಬ್ಬೆರಳಿಗೆ ಸ್ವಲ್ಪ ಎಣ್ಣೆ ಹಚ್ಚಲೇನಪ್ಪಾ?" ಎಂದು ಕೇಳುತ್ತ ಹಸಿರು ಸೀಸೆ ತೆಗೆದರು. ಮೇಷ್ಟ್ರು ಪಕ್ಕದಲ್ಲಿ ನಿಂತು ವೇಗದ ವಿಷಯ ಶುರುಮಾಡಿದರು. ದರ್ಜಿ ಭಾವನ ಭುಜವನ್ನು ಕಣ್ಣಿನಲ್ಲೇ ಅಳೆದ. ಕಿಟಕಿಯಲ್ಲಿ ಈಗ ಒಳ್ಳೆಯ ಸಭೆಯೇ ಹಿಡಿಸುತ್ತಿತ್ತು.

ರಾಯರು ಅಡುಗೆಮನೆಯ ಸಿಂಕಿನ ಕೆಳಗೆ ತಲೆ ತೂರಿಸಿ, ಭಾವನ ಪಕ್ಕಡ ಹಿಡಿದು, ಹಜಾರದಿಂದ ಬರುವ ಆಜ್ಞೆಗಾಗಿ ಕಾಯುತ್ತಿದ್ದಾಗ, ಹೆಂಡತಿ ಫೋನಿನಲ್ಲಿ ಅತ್ತಿಗೆಗೆ ಸಮಾಧಾನ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಏನೂ ಗಾಬರಿ ಇಲ್ಲ ಅತ್ತಿಗೆ, ಆರಾಮಾಗಿದಾನೆ. ಇಲ್ಲೇ ಕೂತು ಎಲ್ಲರ ಜೊತೆ ಮಾತಾಡ್ತಾ ಇದಾನೆ, ಒಳ್ಳೆ ಗಾಳಿ ಬರ್ತಿದೆ. ಎಲ್ಲಿ ಅಂದ್ರಾ? ಇಲ್ಲೇ, ಹಜಾರದಲ್ಲಿ. ಅದೇ, ಅಣ್ಣನ ಕಿಟಕಿ ಹತ್ರ."